ತಿದ್ದಿದ ಮೂರು ಸಾವಿರ ಮಾತು

ಮಾರ್ಚ್ ತಿಂಗಳ ರಾಯಚೂರಿನ ಬಿಸಿಲಿಗೆ ಹೆದರಿ ಊರೆಲ್ಲ ಬಾಗಿಲು ಹಾಕಿಕೊಂಡಿದ್ದರೆ, ಕಾಲೇಜಿನ ಲೆಕ್ಚರರ್ ಮೌನಪ್ಪ ಬಾಡಿಗೆ ಖೋಲಿಯಲ್ಲಿ ಬರೀ ಬನಿಯನ್ನಿನಲ್ಲಿ ಕುಳಿತು ಮೂರು ದಿನದಿಂದ ವಾಕ್ಯ ಎಣಿಸುತ್ತಿದ್ದ. ಅದು ೧೯೮೪. ಮನುಷ್ಯ ಆಡಿದ ಮಾತನ್ನು ಎಣಿಸುವ ಕೆಲಸವೂ ಇರುತ್ತದೆ ಎಂದರೆ ಪಕ್ಕದ ಮನೆಯ ಖಾಜಾಮಿಯಾ ಇನ್ನೂ ನಂಬಿರಲಿಲ್ಲ.

ಕೆಲಸವೇನೋ ಇತ್ತು. ಲೋಕದ ಭಾಷೆಗಳನ್ನು ಪಂಡಿತರು ಪದಗಳ ಸಾಲು ನೋಡಿ ಗುಂಪು ಮಾಡಿದ್ದರು. ನೂರರಲ್ಲಿ ನಲವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಹೆಚ್ಚುಕಡಿಮೆ ಅಷ್ಟೇ ಭಾಷೆಗಳಲ್ಲಿ ನಡುವೆ, ಹತ್ತರ ಆಸುಪಾಸು ಭಾಷೆಗಳಲ್ಲಿ ಮೊದಲಿಗೆ. ಆ ಪಟ್ಟಿಯಲ್ಲಿ ಕನ್ನಡದ ಮುಂದೆ ‘ಕೊನೆಗೆ’ ಎಂದಷ್ಟೇ ಬರೆದಿತ್ತು. ಆ ಒಂದು ಶಬ್ದ ಮೌನಪ್ಪನ ತಲೆ ತಿಂದಿತ್ತು. ದೇವದುರ್ಗದಲ್ಲಿ ಹತ್ತಿ ಬಿಡಿಸುವ ಅವನ ತಾಯಿ ಗದ್ದೆಮ್ಮನಾಗಲಿ, ಅವಳ ಜೊತೆಯವರಾಗಲಿ ಹಾಗೆ ಸಾಲು ಹಿಡಿದು ಮಾತಾಡಿದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಇನ್ನೂರು ಮಾತು ತಾನೇ ಬರೆದುಕೊಂಡು ಎಣಿಸಿದಾಗ, ನೂರಕ್ಕೆ ಮೂವತ್ತಾರರಲ್ಲಿ ಕ್ರಿಯಾಪದದ ಬೆನ್ನಿಗೆ ಇನ್ನೇನೋ ಬಂದಿತ್ತು. ಇದನ್ನೇ ಪಿಎಚ್.ಡಿ. ಮಾಡುತ್ತೇನೆಂದು ಹೊರಟ.

“ಇನ್ನೂರು ಯಾವ ಮೂಲೆಗೂ ಸಾಲದು. ಮೂರು ಸಾವಿರ ತನ್ನಿ,” ಎಂದಿದ್ದರು ಗೈಡ್. “ಎಂಬತ್ತನಾಲ್ಕರ ಮಾರ್ಚ್ ದಾಟಿದರೆ ನಿಮ್ಮ ನೋಂದಣಿ ರದ್ದು. ಆಮೇಲೆ ನನ್ನನ್ನು ಕೇಳಬೇಡಿ.”

ಎರಡು ವರ್ಷ ಭಾನುವಾರವೆಂಬುದನ್ನೇ ಮರೆತು ಮೌನಪ್ಪ ಟೇಪ್ ರೆಕಾರ್ಡರ್ ಹೊತ್ತು ತಿರುಗಿದ. ದೇವದುರ್ಗದ ಹತ್ತಿ ಹೊಲ, ಪೋತ್ನಾಳದ ಗದ್ದೆ, ಬಸ್‌ಸ್ಟ್ಯಾಂಡಿನ ಕಟ್ಟೆ, ಎಲ್ಲಿ ನಾಲ್ಕು ಜನ ಕೂತರೋ ಅಲ್ಲಿ. ಕ್ಯಾಸೆಟ್ ಇದ್ದದ್ದು ಆರೇ. ತುಂಬಿದ್ದನ್ನು ಮಾನ್ವಿಯ ವಾದಿರಾಜ ಮಾಸ್ತರರಿಗೆ ಕೊಡುತ್ತಿದ್ದ. ಅವರು ಕೇಳಿ ಕೇಳಿ ನೋಟ್‌ಬುಕ್ಕಿಗೆ ಇಳಿಸಿದ ಮೇಲೆ ಅದೇ ಕ್ಯಾಸೆಟ್ಟಿನ ಮೇಲೆ ಮತ್ತೆ ಹೊಸ ಮಾತು. ಮಾಸ್ತರರು ದೇವದುರ್ಗದಲ್ಲಿ ಅವನಿಗೆ ನಾಲ್ಕನೇ ಇಯತ್ತೆ ಕಲಿಸಿದವರು. ರಿಟೈರಾದ ಮೇಲೆ ಶಿಷ್ಯನ ಕೆಲಸವನ್ನು ಪೂಜೆಯ ಹಾಗೆ ಹಿಡಿದಿದ್ದರು. ಅವರ ಅಕ್ಷರವೋ, ಕಣ್ಣಿಗೆ ಹಬ್ಬ. ಎಲ್ಲ ಸೇರಿದ ಮೇಲೆ ಒಮ್ಮೆಗೇ ಎಣಿಸಿದರಾಯಿತೆಂದು ಮೌನಪ್ಪ ಒಂದನ್ನೂ ಓದಿ ನೋಡಿರಲಿಲ್ಲ.

ಈಗ ಹನ್ನೊಂದು ನೋಟ್‌ಬುಕ್ಕು ಎಣಿಸಿ ಮುಗಿದಿತ್ತು. ಮೂರು ಸಾವಿರದಲ್ಲಿ ಎರಡು ಸಾವಿರದ ಒಂಬೈನೂರ ತೊಂಬತ್ತೊಂದು ವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೇ ಇತ್ತು. ತನ್ನ ಕಣ್ಣೇ ಸರಿ ಇಲ್ಲವೆಂದು ಮತ್ತೊಮ್ಮೆ ಎಣಿಸಿದ. ಅಷ್ಟೇ ಬಂತು. ಬೆವರು ಒರೆಸಿಕೊಂಡು ಪುಟ ತಿರುವುತ್ತಿದ್ದಾಗ ತಾಯಿಯ ಹೆಸರು ಕಂಡಿತು. ಅದರ ಮುಂದೆ ದುಂಡಗೆ ಬರೆದಿತ್ತು: ‘ನೀನು ಸರಿಯಾದ ಸಮಯಕ್ಕೆ ಊಟ ಮಾಡುವುದಿಲ್ಲ.’

ಮೌನಪ್ಪನಿಗೆ ನಗು ಬಂತು. ಆ ದಿನ ಅವ್ವ ಬೈದದ್ದು ಅವನ ಕಿವಿಯಲ್ಲಿ ಇನ್ನೂ ಇತ್ತು. “ಉಣ್ಣಂಗಿಲ್ಲ ನೋಡು ಹೊತ್ತಿಗಿ ಸರಿಯಾಗಿ, ಮೂಳ ಎಣಸಬೇಕು ನಿನ್ನವು.” ನಗು ಅರ್ಧಕ್ಕೇ ನಿಂತಿತು. ಅಂಗಿ ಸಿಕ್ಕಿಸಿಕೊಂಡು ಮಾನ್ವಿ ಬಸ್ಸು ಹತ್ತಿದ.

ಮಾಸ್ತರರು ಪಡಸಾಲೆಯಲ್ಲಿ ಕೂತಿದ್ದರು. ಅವರ ಹೆಂಡತಿ ಕಾವೇರಿಬಾಯಿ ನೀರು ತಂದಿಟ್ಟು ಇವನ ಮುಖ ನೋಡಿ ಒಳಗೆ ಹೋದರು.

“ಸರ್, ಆಡಿದ್ದು ಆಡಿದಂಗ ಬರೀರಿ ಅಂದಿದ್ದೆ.”

“ಬರದೀನಲ್ಲಪ್ಪ. ಒಂದು ಮಾತೂ ಬಿಟ್ಟಿಲ್ಲ. ಹಿಂದು ಮುಂದು ಆಗಿದ್ದು ಸರಿ ಮಾಡೀನಿ, ಅಷ್ಟ.”

“ಆ ಹಿಂದು ಮುಂದನ್ನ ಎಣಸಾಕಂತನ ಎರಡು ವರ್ಷ ತಿರುಗೀನ್ರಿ ನಾನು.”

ಮಾಸ್ತರರಿಗೆ ತಿಳಿಯಲಿಲ್ಲ. “ಯುನಿವರ್ಸಿಟಿಯೊಳಗ ದೊಡ್ಡ ದೊಡ್ಡವರು ಓದತಾರ. ನಿಮ್ಮ ಮಂದಿ ಮಾತು ನೋಡಿ ನಗಬಾರದಲ್ಲೋ. ನಿನ್ನ ಮರ್ಯಾದಿ ಸಲುವಾಗಿ ಮಾಡೀನಿ.”

“ನನ್ನವ್ವನ ಮಾತಿನಾಗ ನಗೋದು ಏನದರೀ?”

ಇಷ್ಟು ಗಟ್ಟಿಯಾಗಿ ಆ ಮನೆಯಲ್ಲಿ ಅವನು ಎಂದೂ ಮಾತಾಡಿರಲಿಲ್ಲ. ಮಾಸ್ತರರ ಕೈ ಕನ್ನಡಕದ ಕಡೆ ಹೋಗಿ ಸುಮ್ಮನೆ ಕೆಳಗಿಳಿಯಿತು.

“ನೀನೂ ಹಂಗ ಬರೀತಿದ್ದೆಲ್ಲೋ ನಾಲ್ಕನೇ ಇಯತ್ತೇದಾಗ,” ಎಂದರು ಮೆಲ್ಲಗೆ. “ತಿದ್ದಿದೆ. ಇವತ್ತು ಲೆಕ್ಚರರ್ ಆಗೀದಿ.”

ಆ ಮಾತು ಸುಳ್ಳಲ್ಲವಲ್ಲ, ಅದೇ ಸಂಕಟ. ಕೂಗಾಡಲು ಎದುರಿಗೆ ಒಬ್ಬ ಕೆಟ್ಟವನಾದರೂ ಇರಬಾರದಿತ್ತೇ ಎನಿಸಿತು ಮೌನಪ್ಪನಿಗೆ. ಕ್ಯಾಸೆಟ್ಟಿನಲ್ಲಿ ಉಳಿದದ್ದು ಕೊನೆಯ ನಾಲ್ಕು ನೂರು ಮಾತು, ಅಷ್ಟೇ. ಮಿಕ್ಕದ್ದೆಲ್ಲ ಗಾಳಿಗೆ ಹೋಗಿತ್ತು. ಗದ್ದೆಯಲ್ಲಿ ಮಾತಾಡಿದ ಇಮಾಮ್ ಬೀ ಆಗಲೇ ಮಣ್ಣು ಸೇರಿದ್ದಳು.

ಒಂದು ದಾರಿ ಇತ್ತು. ಹನ್ನೊಂದು ನೋಟ್‌ಬುಕ್ಕನ್ನೂ ಹೀಗೆಯೇ ಒಯ್ದು ಗೈಡ್ ಮುಂದೆ ಇಟ್ಟರೆ ಅವರು ಬೆನ್ನು ತಟ್ಟುತ್ತಿದ್ದರು. ಲೋಕದ ಪಟ್ಟಿಗೂ ಇದಕ್ಕೂ ತಾಳೆಯಾಗುತ್ತಿತ್ತು. ಹೆಸರಿನ ಹಿಂದೆ ಡಾಕ್ಟರ್ ಎಂದು ಬರುತ್ತಿತ್ತು. ಯಾರು ಕೇಳಬೇಕು, ಹತ್ತಿ ಬಿಡಿಸುವವರು ಬಂದು ಇದು ನಮ್ಮ ಮಾತಲ್ಲ ಎನ್ನುತ್ತಾರೆಯೇ? ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಅವನು ಅದನ್ನು ಯೋಚಿಸಿದ. ಯೋಚಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

“ಸರ್, ಇದನ್ನ ಕೊಡಾಕ ಬರಂಗಿಲ್ಲ. ಯಾಕ ಕೊಡಂಗಿಲ್ಲ ಅಂತ ನಿಮ್ಮ ಕೈಲೆ ಒಂದು ಚೀಟಿ ಬೇಕು. ನಾ ಬರದ್ರ ನಿಮ್ಮ ಮ್ಯಾಲ ಚಾಡಿ ಹೇಳಿದಂಗ ಆಗತದ.”

“ನಿನ್ನ ಪದವಿ?”

“ಹೋತ್ರಿ.”

ಮಾಸ್ತರರು ಹಲಗೆ ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದರು. ಬಿಸಿಲು ಹೊಸ್ತಿಲು ದಾಟುವವರೆಗೆ ಬರೆದರು. ಎರಡು ಹಾಳೆ ಹರಿದರು. ಮೂರನೆಯದರಲ್ಲಿ ಇದ್ದದ್ದು ಒಂದೇ ಸಾಲು: ‘ಈ ಮಾತುಗಳು ಅವರು ಆಡಿದವಲ್ಲ, ನಾನು ಆಡಿಸಿದವು.’ ಕೆಳಗೆ ಸಹಿ.

ಹಾಳೆಯ ಜೊತೆಗೆ ಪೆನ್ನನ್ನೂ ಶಿಷ್ಯನ ಕಡೆ ಚಾಚಿದರು.

“ನೋಡಪ್ಪ,” ಎಂದರು. “ತಪ್ಪಿದ್ರ ತಿದ್ದು.”