ಶನಿವಾರದ ಹೊಗೆ

ದೂರದ ಉತ್ತರದ ಚಳಿನಾಡಿನ ಒಂದು ಊರು. ಶನಿವಾರ ಇಳಿಹೊತ್ತಾದರೆ ಅಲ್ಲಿನ ಕೆರೆಯ ದಡದ ಎಲ್ಲ ಮನೆಗಳ ಹಿಂದೆಯೂ ಹೊಗೆ ಏಳುತ್ತದೆ. ಒಲೆಗೆ ಬರ್ಚ್ ಮರದ ಸೌದೆ ಬಿದ್ದಿದೆ, ಸೌನಾ ಎಂಬ ಹಬೆಮನೆ ಬಿಸಿಯಾಗುತ್ತಿದೆ, ಮನೆಮಂದಿ ಹಬೆಸ್ನಾನಕ್ಕೆ ಹೊರಟಿದ್ದಾರೆ ಎಂದರ್ಥ. ನೀವು ಹೇಗಿದ್ದೀರಿ ಎಂದು ಆ ಊರಿನಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಹೊಗೆ ನೋಡಿದರೆ ಸಾಕು.

ಔತಿಯ ಮನೆಯ ಹಿಂದೆ ಹೊಗೆ ಎದ್ದು ಬಹಳ ದಿನವಾಗಿತ್ತು. ಬೇಸಿಗೆಯ ಕೊನೆಯಲ್ಲಿ ಅವಳ ಗಂಡ ವೇಸಾ ಎದೆನೋವಿನಿಂದ ತೀರಿಕೊಂಡಿದ್ದ. ಇನ್ನೂ ನಲವತ್ತು ದಾಟಿರಲಿಲ್ಲ. ಈಗ ಬರ್ಚ್ ಮರಗಳ ಎಲೆ ಹಳದಿಯಾಗಿ ಉದುರಿಯೂ ಆಗಿತ್ತು.

ಹೊಲದಾಚೆಯ ಮನೆಯ ರೈಲಿ ಬನ್ನಿನ ಹಿಟ್ಟು ನಾದುತ್ತ ಕಿಟಕಿಯಿಂದ ನೋಡಿದಳು.

"ಇವತ್ತೂ ಹೊಗೆ ಇಲ್ಲ, ಸೆಪ್ಪೋ."

ಅವಳ ಗಂಡ ಸೆಪ್ಪೋ ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಅವಳ ಪಾಡಿಗೆ ಅವಳನ್ನ ಬಿಡು. ಬೇಕಾದ್ರೆ ಕರೀತಾಳೆ."

ರೈಲಿಗೂ ಅದೇ ಸರಿ ಅನ್ನಿಸಿತು. ದುಃಖದ ಮನೆಯ ಬಾಗಿಲು ತಟ್ಟುವುದು ಇನ್ನೊಬ್ಬರ ತಟ್ಟೆಗೆ ಕೈ ಹಾಕಿದಂತೆ ಎಂದು ಕೇಳಿಕೊಂಡೇ ಅವಳು ಬೆಳೆದವಳು. ಸುಮ್ಮನಿರುವುದೇ ಮರ್ಯಾದೆ.

ಬನ್ ಒಲೆಯಿಂದ ಇಳಿಯುವ ಹೊತ್ತಿಗೆ ಮಾರ್ಕೆತ್ತಾ ಬಂದಳು. ಚರ್ಚಿನ ಪರವಾಗಿ ಮನೆಮನೆಗೆ ಹೋಗಿ ಕಷ್ಟಸುಖ ನೋಡುವುದು ಅವಳ ಕೆಲಸ. ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನಲ್ಲಿ ಕಾಫಿ ಕೊಡುತ್ತಾರೆ. ಅದರ ಜೊತೆಗೆ ಕೊಡುವ ರೈಲಿಯ ಏಲಕ್ಕಿ ಬನ್ ಒಯ್ಯಲು ಬಂದಿದ್ದಳು.

"ಔತಿ ಹೇಗಿದಾಳೆ?" ಮಾರ್ಕೆತ್ತಾ ಕೇಳಿದಳು.

"ಇದಾಳೆ. ಸಂಜೆ ದೀಪ ಉರಿಯುತ್ತೆ."

"ದೀಪದ ಬಗ್ಗೆ ಕೇಳ್ಲಿಲ್ಲ ಕಣೇ."

ರೈಲಿ ಟವೆಲು ಮಡಿಸಿದಳು. "ಅವಳಾಗೇ ಕೇಳ್ಲಿ ಅಂತ ಕಾಯ್ತಿದೀವಿ."

"ಹೋದ ಚಳಿಗಾಲ ಮಂಜುಗಡ್ಡೆ ಮೇಲೆ ಜಾರಿ ಕಾಲು ಮುರ್ಕೊಂಡ್ಯಲ್ಲ, ಆಗ ನೀನು ಯಾರನ್ನ ಕೇಳ್ದೆ?"

"ಯಾರನ್ನೂ ಕೇಳ್ಲಿಲ್ಲ."

"ತೆವಳ್ಕೊಂಡು ಸೌದೆ ತಂದ್ಲು," ಸೆಪ್ಪೋ ಪತ್ರಿಕೆಯ ಹಿಂದಿನಿಂದ ಹೇಳಿದ. "ನಾನು ಮನೇಲೇ ಇದ್ದೆ. ನನ್ನನ್ನೂ ಕರೀಲಿಲ್ಲ."

"ನೋಡಿದ್ಯಾ? ಔತಿನೂ ಇದೇ ಊರಿನವಳು," ಅಂದಳು ಮಾರ್ಕೆತ್ತಾ. "ನಾನು ಎರಡು ಸಲ ಹೋದೆ, ಬಾಗಿಲು ತೆಗೀಲಿಲ್ಲ. ಚರ್ಚಿನವಳು ಅಂತ ನನ್ನ ಮೇಲೆ ಸಿಟ್ಟಿರಬಹುದು. ಇರ್ಲಿ. ನೀನು ಹೋಗು, ಇವತ್ತೇ. 'ಏನಾದ್ರೂ ಬೇಕಾ' ಅಂತ ಮಾತ್ರ ಕೇಳ್ಬೇಡ, 'ಬೇಡ' ಅಂತಾಳೆ. ಮಾಡೋ ಕೆಲಸ ಒಂದು ಕೈಲಿ ಹಿಡ್ಕೊಂಡು ಹೋಗು. ವೇಸಾ ಹೆಸರು ಎತ್ತು."

"ಹೆಸರೆತ್ತಿದ್ರೆ ಅಳಲ್ವಾ?"

"ಅಳ್ಲಿ. ನೀನು ಎತ್ತದಿದ್ರೆ ಮರೀತಾಳಾ?"

ರೈಲಿ ಒಂದು ತೋಳಲ್ಲಿ ಸೌದೆ, ಇನ್ನೊಂದು ಕೈಯಲ್ಲಿ ಬನ್ ಹಿಡಿದು ಹೊಲ ದಾಟಿದಳು. ಬಾಗಿಲು ತಟ್ಟಿದಳು. ಬಹಳ ಹೊತ್ತು ಕಳೆದು ಬಾಗಿಲು ಅರ್ಧ ತೆರೆಯಿತು. ಔತಿಯ ಮುಖ ಸೊರಗಿತ್ತು. ಸ್ವೆಟರು ಅವಳದ್ದಲ್ಲ, ವೇಸಾನದು.

"ಏನೂ ಬೇಡ, ರೈಲಿ. ನಡೀತಿದೆ."

ರೈಲಿಯ ಕಾಲು ತಾನಾಗಿಯೇ ಹಿಂದಕ್ಕೆ ಹೊರಳಿತು. ಆದರೆ ಅವಳು ತಡೆದು ನಿಂತಳು.

"ಸೌನಾ ಕಾಯಿಸೋಕೆ ಬಂದೆ. ವೇಸಾ ಇದ್ದಿದ್ರೆ ಇಷ್ಟೊತ್ತಿಗೆ ಹೊಗೆ ಎದ್ದಿರ್ತಿತ್ತು."

ಔತಿ ಬಾಗಿಲಿಗೆ ಒರಗಿದಳು. "ಅವನ ಹೆಸರನ್ನ ನೀನಾದ್ರೂ ಹೇಳ್ದೆ," ಅಂದಳು. "ಮಣ್ಣು ಮಾಡಿದ ಮೇಲೆ ಯಾರ ಬಾಯಲ್ಲೂ ಕೇಳಿಲ್ಲ. ಅಂಗಡೀಲಿ ನನ್ನ ನೋಡಿ ನೀನು ಹಾಲಿಟ್ಟ ಕಪಾಟಿನ ಕಡೆ ತಿರುಗ್ಕೊಂಡೆ."

"ಅಳು ಬರುತ್ತೆ ಅಂತ ತಿರುಗಿದ್ದು."

"ಯಾರಿಗೆ? ನನಗಾ?"

"ನನಗೆ ಕಣೇ."

ಇಬ್ಬರೂ ಹಿತ್ತಲಿಗೆ ಹೋದರು, ಔತಿ ಸೌನಾದ ಬೀಗ ತೆಗೆದಳು. ಸೌನಾದ ಒಳಗೆ ಕೂರುವ ಹಲಗೆಗಳು ಬಿಚ್ಚಿಕೊಂಡೇ ಬಿದ್ದಿದ್ದವು. ವೇಸಾ ಹೊಸ ಹಲಗೆ ಜೋಡಿಸಲು ಶುರುಮಾಡಿದ್ದ. ಅವನ ಸುತ್ತಿಗೆ ಇಟ್ಟಲ್ಲೇ ಇತ್ತು.

"ಇದನ್ನ ನೋಡಕ್ಕಾಗಲ್ಲ, ಅದಕ್ಕೇ ಬೀಗ ಹಾಕಿದೆ," ಅಂದಳು ಔತಿ. "ನಿದ್ದೆ ಬರಲ್ಲ. ಊಟ ಸೇರಲ್ಲ. ಪ್ರಾರ್ಥನೆಗೆ ಕೂತ್ರೆ ಮಾತೇ ಹೊರಡಲ್ಲ. ನನ್ನ ನಂಬಿಕೆನೇ ಸುಳ್ಳಿತ್ತೇನೋ."

ರೈಲಿ ಸೌದೆ ಕೆಳಗಿಟ್ಟಳು. ನೇರವಾಗಿಯೇ ಕೇಳಿದಳು. "ಸಾಯ್ಬೇಕು ಅನ್ಸುತ್ತಾ, ಔತಿ?"

ಔತಿ ಸುತ್ತಿಗೆಯನ್ನೇ ನೋಡುತ್ತಿದ್ದಳು. "ಸಾಯ್ಬೇಕು ಅಂತಲ್ಲ. ಬೆಳಿಗ್ಗೆ ಏಳದಿದ್ರೆ ಸಾಕು ಅನ್ಸುತ್ತೆ."

"ಹಾಗಿದ್ರೆ ಇವತ್ತಿಂದ ನಮ್ಮನೇಲಿ ಮಲಗು. ಈಗಲೇ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಏನು ಮಾಡ್ಬೇಕು ಅಂತ ಕೇಳೋಣ. ಡಾಕ್ಟರ್ ಹತ್ರ ನಾನೇ ಕರ್ಕೊಂಡು ಹೋಗ್ತೀನಿ."

"ದುಃಖಕ್ಕೆ ಡಾಕ್ಟರಾ? ದೇವರನ್ನ ನಂಬಿದೋರು..."

"ವೇಸಾ ನಂಬಿದೋನೇ ಅಲ್ವಾ? ಹಲ್ಲುನೋವು ಬಂದ್ರೆ ಪಾದ್ರಿ ಹತ್ರ ಹೋಗ್ತಿದ್ನಾ?"

"ಅವನು ಯಾರ ಹತ್ರಾನೂ ಹೋಗ್ತಿರ್ಲಿಲ್ಲ. ಇಕ್ಕಳ ತಗೊಂಡು ಸೌನಾಗೆ ಹೋಗ್ತಿದ್ದ!"

ಔತಿ ನಕ್ಕಳು. ತನ್ನ ನಗು ಕೇಳಿ ತಾನೇ ಬೆಚ್ಚಿದಳು. ನಗು ಅಳುವಾಯಿತು. ಪರವಾಗಿಲ್ಲ ಎಂದೂ ರೈಲಿ ಹೇಳಲಿಲ್ಲ, ಸಮಾಧಾನ ಮಾಡಿಕೋ ಎಂದೂ ಹೇಳಲಿಲ್ಲ. ಪಕ್ಕದಲ್ಲಿ ಕೂತಳು.

ಔತಿ ಮುಖ ಒರೆಸಿಕೊಂಡ ಮೇಲೆ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿದರು. ಅಲ್ಲಿನ ನರ್ಸ್ ಎಲ್ಲವನ್ನೂ ನಿಧಾನವಾಗಿ ಕೇಳಿಸಿಕೊಂಡರು. ಒಬ್ಬಳೇ ಇರಬೇಡ, ಸೋಮವಾರ ಬೆಳಿಗ್ಗೆ ಡಾಕ್ಟರ್ ನೋಡುತ್ತಾರೆ, ಅದಕ್ಕೂ ಮೊದಲು ಕಷ್ಟ ಹೆಚ್ಚಾದರೆ ಹೊತ್ತು ನೋಡದೆ ಫೋನ್ ಮಾಡು ಎಂದರು. ಆಮೇಲೆ ರೈಲಿ ಮನೆಗೆ ಫೋನ್ ಮಾಡಿದಳು.

"ಸೆಪ್ಪೋ, ಮೊಳೆ ತಗೊಂಡು ಬಾ."

"ಅವಳು ಕರೆದ್ಲಾ?"

"ಇಲ್ಲ. ಬಾ."

ಸೆಪ್ಪೋ ಬಂದ. ಔತಿಯನ್ನು ನೋಡಿ ಟೋಪಿ ತೆಗೆದ. ಸುತ್ತಿಗೆ ಎತ್ತಿಕೊಂಡು ಕೈಯಲ್ಲಿ ತೂಗಿದ. "ವೇಸಾ ಒಳ್ಳೇ ಸುತ್ತಿಗೆ ಇಟ್ಟಿದ್ದ," ಅಂದ. ಅಷ್ಟು ಮಾತಾಡಿದ್ದೇ ಅವನಿಗೆ ಹೆಚ್ಚು. ಕೊನೆಯ ಹಲಗೆಯನ್ನು ಔತಿಯೇ ಹಿಡಿದುಕೊಂಡಳು, ಅವನು ಮೊಳೆ ಹೊಡೆದ.

ಒಲೆ ಹತ್ತಿತು. ಕಾದ ಕಲ್ಲಿನ ಮೇಲೆ ಔತಿ ನೀರು ಎರಚಿದಾಗ ಬಿಸಿ ಹಬೆ ಎದ್ದು ಇಬ್ಬರು ಹೆಂಗಸರ ಬೆನ್ನನ್ನೂ ತಬ್ಬಿತು.

"ಮುಂದಿನ ಶನಿವಾರ ಚರ್ಚಲ್ಲಿ ಈ ವರ್ಷ ತೀರಿಕೊಂಡವರ ಹೆಸರು ಓದ್ತಾರೆ," ಅಂದಳು ಔತಿ. "ಅವನ ಹೆಸರಿಗೆ ಮೇಣದಬತ್ತಿ ಹಚ್ಬೇಕು. ಪ್ರಾರ್ಥನೆ ಮಾತ್ರ ನನ್ನಿಂದ ಆಗಲ್ಲ."

"ನೀನು ಬತ್ತಿ ಹಚ್ಚು. ಪ್ರಾರ್ಥನೆ ನಾನು ಮಾಡ್ತೀನಿ. ನಿನಗೆ ಮಾತು ಬಂದಾಗ ನೀನು ಮಾಡ್ಕೋ."

ಹೊರಗೆ ಸೆಪ್ಪೋ ಮೆಟ್ಟಿಲ ಮೇಲೆ ಕೂತು ಬನ್ ತಿನ್ನುತ್ತಿದ್ದ. ಔತಿಯ ಮನೆಯ ಹೊಗೆ ಕೆರೆಯ ಮೇಲೆ ನೆಟ್ಟಗೆ ಏರುತ್ತಿತ್ತು. ದಡದ ಉದ್ದಕ್ಕೂ ಒಂದೊಂದೇ ಕಿಟಕಿಯ ಪರದೆ ಸರಿಯಿತು. ಸ್ವಲ್ಪ ಹೊತ್ತಿಗೆ ಆಚೆಮನೆಯವರು ಹೊಗೆಯಾಡಿಸಿದ ಮೀನು ಹಿಡಿದು ಬಂದರು. ಅವರೂ ಇಷ್ಟು ದಿನ ಮರ್ಯಾದೆಗೆ ಸುಮ್ಮನಿದ್ದವರೇ.

ಓದುತ್ತಿರುವವರೇ, ನಿಮ್ಮ ಬೀದಿಯಲ್ಲೂ ಇಂಥ ಒಂದು ಮನೆ ಇರಬಹುದು. ಅವರು ಕರೆಯಲಿ ಎಂದು ಕಾಯಬೇಡಿ, ಅವರು ಕರೆಯುವುದಿಲ್ಲ. ಕೈಯಲ್ಲಿ ಒಂದು ಕೆಲಸ ಹಿಡಿದು ಹೋಗಿ. ತೀರಿಕೊಂಡವರ ಹೆಸರು ಹೇಳಿ. ಸಾಯಬೇಕು ಅನ್ನಿಸುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡದೆ ತಕ್ಷಣ ವೈದ್ಯರ ನೆರವು ಪಡೆಯಿರಿ. ನೀವೇ ಆ ಮನೆಯವರಾಗಿದ್ದರೆ, ಯಾರಾದರೂ ತಟ್ಟಿದಾಗ ಬಾಗಿಲನ್ನು ಅರ್ಧವಾದರೂ ತೆರೆಯಿರಿ. ದೇವರನ್ನು ನಂಬುವವರು ನಂಬಿಕೆ ಬಿಡಬೇಕಾಗಿಲ್ಲ, ವೈದ್ಯರನ್ನೂ ಬಿಡಬೇಕಾಗಿಲ್ಲ.

ಇವತ್ತೇ ಹೋಗಿ.