ದುಬೈ ಟಿಕೆಟ್ಟಿನ ರೇಟು

ಪಿರಿಯಾಪಟ್ಟಣದ ಅಂಗಡಿ ಬೀದಿಯಲ್ಲಿ ಸೌಂದರ್ಯಳನ್ನು ಕಂಡವರು ನಮಸ್ಕಾರಕ್ಕಿಂತ ಮೊದಲು ರೇಟು ಹೇಳುತ್ತಿದ್ದರು. "ಮೊಟ್ಟೆ ಏರೈತೆ ಕಣಕ್ಕ, ಬರ್ಕೊಳಿ," ಎನ್ನುವನು ಒಬ್ಬ. "ಕಟಿಂಗ್ ಹಳೇ ರೇಟೇ," ಎನ್ನುವನು ಇನ್ನೊಬ್ಬ. ದೇಶದಲ್ಲಿ ಬೆಲೆ ಎಷ್ಟು ಏರಿತೆಂದು ಲೆಕ್ಕ ಹಾಕುವ ಸರ್ಕಾರಿ ಸಮೀಕ್ಷೆಗೆ ಅವಳು ಗುತ್ತಿಗೆಯ ಮೇಲೆ ಬೆಲೆ ಬರೆಯುವವಳು. ತಿಂಗಳಿಗೊಮ್ಮೆ ಹುಣಸೂರಿನಿಂದ ಸ್ಕೂಟರಿನಲ್ಲಿ ಬಂದು, ಅದೇ ಅಂಗಡಿಯಲ್ಲಿ ಅದೇ ಸಾಮಾನಿನ ಬೆಲೆ ಕೇಳಬೇಕು. ಹೆಣ್ಣು ನೋಡಿ, ಉಪ್ಪಿಟ್ಟು ತಿಂದು ಸುಮ್ಮನಾಗುವವರ ಹಾಗೆ ಕೇಳುವುದಷ್ಟೇ; ಕೊಳ್ಳುವುದಿಲ್ಲ.

ಈ ವರ್ಷ ಪಟ್ಟಿಗೆ ವಿಮಾನದ ಟಿಕೆಟ್ಟೂ ಸೇರಿತು. ಹೊಗೆಸೊಪ್ಪಿನ ಊರಲ್ಲಿ ಎಂಥ ವಿಮಾನ ಎಂದು ನಗಬೇಡಿ. ಬಸ್ ಸ್ಟ್ಯಾಂಡ್ ಪಕ್ಕದ ಖದೀರನ ಜೆರಾಕ್ಸ್ ಅಂಗಡಿಯಲ್ಲಿ ಗಲ್ಫಿಗೆ ಹೋಗುವವರು ಟಿಕೆಟ್ ಮಾಡಿಸುತ್ತಲೇ ಇರುತ್ತಾರೆ. ಹೊಸ ಅಂಗಡಿಯಲ್ಲಿ ಸರ್ಕಾರದ ಹೆಸರೆತ್ತಿದರೆ ಜನ ಬೆದರಿ ಏನೋ ಒಂದು ಹೇಳಿಬಿಡುತ್ತಾರೆ ಎಂಬುದು ಸೌಂದರ್ಯಳ ಅನುಭವ. ಅದಕ್ಕೇ ಗಿರಾಕಿಯ ಹಾಗೆ ಕೇಳಿದಳು: "ಬೆಂಗ್ಳೂರಿಂದ ದುಬೈಗೆ, ಮುಂದಿನ ತಿಂಗ್ಳು, ಒಬ್ರಿಗೆ ಎಷ್ಟಾಯ್ತದೆ?"

ಮರುತಿಂಗಳೂ ಅದೇ ಪ್ರಶ್ನೆ. ಅದರ ಮುಂದಿನ ತಿಂಗಳೂ ಅದೇ. ಖದೀರ್ ರೇಟು ಹೇಳುವನು, ಇವಳು "ಆಯ್ತು, ನೋಡ್ತೀನಿ" ಎಂದು ಹೊರಡುವಳು. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತ ಅವನ ತಾಯಿ ಅಜ್ಮತುನ್ನೀಸಾ ಎಲೆಯಡಿಕೆ ಮೆಲ್ಲುತ್ತ ಇವಳು ಹೋಗುವುದನ್ನೇ ನೋಡುವರು.

ದಸರಾ ಕಳೆಯುತ್ತಲೇ ಮೇಲ್ವಿಚಾರಕ ವೀರಭದ್ರಸ್ವಾಮಿ ಮೈಸೂರಿನಿಂದ ಫೋನ್ ಮಾಡಿದರು. "ಏನಮ್ಮ, ಎಲ್ಲಾ ಕಡೆ ಟಿಕೆಟ್ ಏರ್ತಾ ಇದೆ, ನಿನ್ನ ಪಿರಿಯಾಪಟ್ಟಣದಲ್ಲಿ ಮಾತ್ರ ತಿಂಗ್ಳು ತಿಂಗ್ಳು ಇಳೀತಾ ಇದೆ! ಅಂಗಡಿಗೆ ಹೋಗ್ತೀಯೋ, ಮನೇಲಿ ಕೂತು ಬರೀತೀಯೋ? ಈ ಸಲ ನಾನೂ ಬರ್ತೀನಿ. ಸುಳ್ಳಾಗಿದ್ರೆ ನಿನ್ನ ಕೆಲಸ ಮುಗೀತು ಅನ್ಕೋ."

ಸೌಂದರ್ಯಳಿಗೆ ಕೆಲಸ ಹೋಗುವ ಭಯ ಇದ್ದೇ ಇತ್ತು. ಮಳೆಯಲ್ಲಿ ನೆನೆದು ಬರೆದ ಬೆಲೆಯನ್ನೆಲ್ಲ ಕಟ್ಟುಕತೆ ಎಂದರಲ್ಲ ಎಂಬ ಸಂಕಟ ಅದಕ್ಕಿಂತ ದೊಡ್ಡದಾಗಿತ್ತು.

ಆ ತಿಂಗಳು ಇಬ್ಬರೂ ಖದೀರನ ಅಂಗಡಿಯ ಮೆಟ್ಟಿಲು ಹತ್ತಿದರು. ಅವಳು ಬಾಯಿಪಾಠದ ಪ್ರಶ್ನೆ ಕೇಳಿದಳು. ಖದೀರ್ ತಾಯಿಯ ಮುಖ ನೋಡಿ, ಹಿಂದಿನ ತಿಂಗಳಿಗಿಂತಲೂ ಕಡಿಮೆ ಹೇಳಿದ. ವೀರಭದ್ರಸ್ವಾಮಿ ತಮ್ಮ ಮೊಬೈಲಿನಲ್ಲಿ ನೋಡಿದರು. ಅಲ್ಲಿ ಎಷ್ಟೋ ಸಾವಿರ ಹೆಚ್ಚಿತ್ತು.

"ಏನ್ರೀ ಇದು, ಇಷ್ಟಕ್ಕೆ ಹೆಂಗ್ರೀ ಕೊಡ್ತೀರಿ?"

ಅಜ್ಮತುನ್ನೀಸಾ ಎದ್ದು ಬಂದರು. ನರೆತ ತಲೆ ಕಂಡು, ಹುಡುಗಿಯ ಮಾವನೇ ಬಂದಿದ್ದಾರೆಂದು ಅವರು ತಿಳಿದಿದ್ದರು. "ಯಜಮಾನ್ರೇ, ಈ ಸಲನಾದ್ರೂ ಸೊಸೇನ ಗಂಡನ ತಾವ ಕಳ್ಸಿ. ಪಾಪ, ತಿಂಗ್ಳು ತಿಂಗ್ಳು ಬಂದು ರೇಟ್ ಕೇಳಿ ಸುಮ್ಕೆ ಹೊಂಟೋಯ್ತದೆ ಮಗ. ಕಮಿಷನ್ ಬುಡು, ಇನ್ನೂ ಕಮ್ಮಿ ಹೇಳು ಅಂತ ಖದೀರಂಗೆ ನಾನೇ ಹೇಳಿದ್ದು. ಮಿಕ್ಕಿದ್ದು ನಾವು ಹಾಕ್ತೀವಿ."

ಸೌಂದರ್ಯಳಿಗೆ ನಗುವೂ ಬಂತು, ಅಳುವೂ ಬಂತು. "ಅಯ್ಯೋ ಅಮ್ಮ, ನಮ್ ಯಜಮಾನ್ರು ಹುಣಸೂರಲ್ಲೇ ಟೆಂಪೋ ಓಡಿಸ್ತಾರೆ! ಇವರು ನಮ್ಮ ಸಾಹೇಬ್ರು. ಬೆಲೆ ಸಮೀಕ್ಷೆಗೆ ಕೇಳ್ತಿದ್ದೆ ಕಣಮ್ಮ. ಮೊದ್ಲೇ ಹೇಳಬೇಕಿತ್ತು, ತಪ್ಪಾಯ್ತು."

ಖದೀರ್ ಹಣೆ ಚಚ್ಚಿಕೊಂಡ. "ಅಮ್ಮೀ, ಸರ್ಕಾರದ ಲೆಕ್ಕಾನೇ ಕೆಡಿಸಿಬುಟ್ವಲ್ಲ!"

ವೀರಭದ್ರಸ್ವಾಮಿ ನಕ್ಕೂ ನಕ್ಕೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ನಿನ್ನ ಮೇಲೆ ಅನುಮಾನ ಪಟ್ಟೆ ಕಣಮ್ಮ, ಮನಸ್ಸಿಗೆ ಹಚ್ಕೋಬೇಡ," ಎಂದರು.

ಅಜ್ಮತುನ್ನೀಸಾ ಮಾತ್ರ ನಗಲಿಲ್ಲ. ಸೌಂದರ್ಯಳ ಕೈ ಹಿಡಿದುಕೊಂಡರು. "ದಿಟವಾಗ್ಲೂ ಅಲ್ಲಿ ಯಾರೂ ಇಲ್ವಾ ಮಗ?"

"ಇಲ್ಲಮ್ಮ."

"ಒಳ್ಳೇದಾಯ್ತು ಬುಡು. ಇವನ ಅಬ್ಬಾ ಶಾರ್ಜಾದಲ್ಲಿದ್ದಾಗ ನಾನೂ ಹಿಂಗೇ ಮೈಸೂರಿಗೆ ಹೋಗಿ ರೇಟ್ ಕೇಳ್ಕಂಡು ಬತ್ತಿದ್ದೆ. ಆ ಅಂಗಡಿಯೋನು ಒಂದ್ಸಲಾನೂ ಕಮ್ಮಿ ಹೇಳ್ಲಿಲ್ಲ. ಅವರು ಶಾರ್ಜಾದಲ್ಲೇ ತೀರ್ಕಂಡ್ರು."

ಖದೀರ್ ಮೆಲ್ಲಗೆ ನಿಜವಾದ ರೇಟು ಹೇಳಿದ. ಸೌಂದರ್ಯ ಬರೆದುಕೊಂಡಳು. ಬರೆದಾದ ಮೇಲೆ ಎಂದಿನಂತೆ "ಆಯ್ತು, ನೋಡ್ತೀನಿ" ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಸ್ಟೂಲೊಂದನ್ನು ಎಳೆದುಕೊಂಡು ಆ ತಾಯಿಯ ಪಕ್ಕದಲ್ಲಿ ಕೂತಳು.