ತಿರುಗುಣಿಗಳಲ್ಲಿದ್ದ ದನಿ

ನಮ್ಮಣ್ಣ ಸಂಮೇದನ ಸಿಂಥಸೈಜರನ್ನು ಯಾರಾದರೂ ಕೀಬೋರ್ಡು ಎಂದರೆ ಅವನಿಗೆ ಮೈ ಉರಿಯುತ್ತದೆ. ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಕೊಳಲು, ಇನ್ನೊಂದು ಒತ್ತಿದರೆ ಶಹನಾಯಿ, ಎಲ್ಲವೂ ಮೊದಲೇ ಮಾಡಿಟ್ಟದ್ದು. ಇದರಲ್ಲಿ ಮಾಡಿಟ್ಟದ್ದು ಏನೂ ಇಲ್ಲ. ಮೈತುಂಬ ತಿರುಗುಣಿಗಳು. ಒಂದೊಂದನ್ನೇ ತಿರುಗಿಸುತ್ತ ದನಿಯನ್ನು ಕೈಯಾರೆ ಅಡಿಗೆ ಮಾಡಿಕೊಳ್ಳಬೇಕು. ಬಸದಿಗಳ ಪಂಚಕಲ್ಯಾಣ ಪೂಜೆಗಳಲ್ಲಿ ಬಾರಿಸಿ ಹೊಟ್ಟೆ ಹೊರೆಯುವ ಈ ಮಹಾಶಯ ಅದನ್ನು ಸಾಂಗಲಿಯ ಬ್ಯಾಂಡಿನವರೊಬ್ಬರಿಂದ ಹಳೆಯದೆಂದೇ ತಂದಿದ್ದ. ಇಷ್ಟೊಂದು ಕಿವಿಗಳಿರುವ ಯಂತ್ರ, ಯಾವುದನ್ನು ಹಿಂಡಿದರೂ ಅಳುತ್ತದೆ ಎಂದು ನಾನು ರೇಗಿಸುತ್ತಿದ್ದೆ.

ಆಮೇಲೆ ಅವ್ವನ ಗಂಟಲಿಗೆ ರೋಗ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಅತ್ತ ಬಾಗಲಕೋಟೆಯಿಂದಲೂ ಜನ ರೈಲು ಹತ್ತಿ ಮಿರಜದ ದವಾಖಾನೆಗಳಿಗೆ ಬರುತ್ತಾರೆ. ಮಿರಜದಲ್ಲೇ ಇರುವ ನಾವು ನಡೆದುಕೊಂಡೇ ಹೋಗಬಹುದಿತ್ತು. ನಮ್ಮ ಪುಣ್ಯ ಅಷ್ಟೇ.

ಅವ್ವ ಸಖುಬಾಯಿ ಓಣಿಗೆಲ್ಲ ಗೊತ್ತಿದ್ದದ್ದು ದನಿಯಿಂದ. ದೀಪಾವಳಿಯ ಬೆಳಗಿನ ಜಾವ ಬಸದಿಯಲ್ಲಿ ತೀರ್ಥಂಕರರಿಗೆ ನಿರ್ವಾಣ ಲಾಡು ಏರಿಸುವಾಗ ಆರತಿ ಹಾಡುವುದು ಅವಳದೇ ಹಕ್ಕು. ಕತ್ತು ಕೊಯ್ಯುತ್ತಾರೆ ಎಂದಾಗಲೂ ಅವಳು ಅಳಲಿಲ್ಲ. ದೀಪಾವಳಿಗೆ ಯಾರು ಹಾಡುತ್ತಾರೆ ಎಂದು ತಾನೇ ಕೇಳಿದಾಗ ಮಾತ್ರ ಅತ್ತಳು. ನೀನೇ ಹಾಡುತ್ತೀ ಎಂದ ಸಂಮೇದ. ಆಪರೇಷನ್ನಿಗೆ ಮೊದಲೇ ಅವಳ ದನಿಯನ್ನು ಯಂತ್ರದಲ್ಲಿ ಮಾಡುತ್ತೇನೆ, ಅವಳು ಕೀಲಿ ಒತ್ತಿದರೆ ಸಾಕು ಎಂದ. ಫೋನಿನಲ್ಲಿ ಹಿಡಿದಿಟ್ಟರೆ ಸಾಲದೇ ಎಂದೆ. ಫೋನಿನದು ಹಾಡಿ ಮುಗಿಸಿದ್ದು, ಇದಾದರೆ ಅವ್ವ ತನಗೆ ಬೇಕಾದಾಗ, ಬೇಕಾದಷ್ಟು ಎಳೆದು ಹಾಡಬಹುದು ಎಂದ.

ಅವ್ವ ಅವನ ಪಕ್ಕದಲ್ಲಿ ಕುಳಿತು ‘ಆ’ ಎನ್ನುತ್ತಿದ್ದಳು, ಅವನು ತಿರುಗಿಸುತ್ತಿದ್ದ. ಮೊದಲು ಬಂದದ್ದು ಬರೀ ಗರಗಸದ ಗರಗರ. ಅದರ ಮೇಲೆ ಫಿಲ್ಟರು ಹಾಕಿ ಮೊನಚನ್ನೆಲ್ಲ ಸೋಸಿದ. ದನಿ ಹೇಗೆ ಏಳಬೇಕು, ಹೇಗೆ ಕರಗಬೇಕು ಎನ್ನುವುದಕ್ಕೆ ಬೇರೆ ತಿರುಗುಣಿಗಳು. ಅವ್ವ ಷಡ್ಜಕ್ಕೆ ನೇರವಾಗಿ ಹೋಗುವವಳಲ್ಲ, ಕೆಳಗಿನಿಂದ ಜಾರಿಕೊಂಡು ಸೇರುತ್ತಾಳೆ. ಆ ಜಾರಿಕೆಗೂ ಒಂದು ತಿರುಗುಣಿ ಇತ್ತು. ರೋಗದಿಂದ ಬಂದ ಒರಟಿಗೆ ಗಾಳಿಯ ಸದ್ದನ್ನು ಚೂರು ಬೆರೆಸಿದ. ಪ್ರತಿ ಸಲವೂ ಅವ್ವ ಅಲ್ಲ ಎನ್ನುತ್ತಿದ್ದಳು. ಅಲ್ಲ ಎನ್ನುವುದರಲ್ಲಿ ಅವಳಷ್ಟು ಗಟ್ಟಿ ಹೆಂಗಸು ಮಿರಜದಲ್ಲಿ ಇನ್ನೊಬ್ಬಳಿರಲಿಲ್ಲ.

"ಮೂಗಿನ್ಯಾಗಿಂದ ಬರಾಕ ಹತ್ತೈತೋ ಮಗಾ. ನಂದು ಎದಿಯಾಗಿಂದ ಬರ್ತೈತಿ."

ಕೊನೆಗೊಂದು ಮಧ್ಯಾಹ್ನ ಸಂಮೇದ ಒಂದು ತಿರುಗುಣಿಯನ್ನು ಕೂದಲೆಳೆಯಷ್ಟು ಸರಿಸಿ ಕೀಲಿ ಒತ್ತಿದ. ಅಡಿಗೆಮನೆಯಲ್ಲಿದ್ದ ನಾನು ಅವ್ವ ಕರೆದಳೆಂದು ಓ ಎಂದೆ. ಹೊರಗೆ ಬಂದು ನೋಡಿದರೆ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತಿದ್ದಳು.

ಈ ಯಂತ್ರಕ್ಕೆ ನೆನಪಿನ ಶಕ್ತಿ ಇಲ್ಲ. ತಿರುಗುಣಿಗಳು ನಿಂತ ಜಾಗದಲ್ಲಿಯೇ ದನಿ ಇರುತ್ತದೆ, ಕದಲಿದರೆ ಹೋಯಿತು. ಫೋಟೋ ತೆಗೆದಿಡು ಎಂದೆ. ಗುರುತಿನ ಬಿಳಿ ಗೆರೆಗಳೆಲ್ಲ ಸವೆದು ಹೋಗಿವೆ, ಫೋಟೋದಲ್ಲಿ ಬರೀ ಕರಿ ಬೊಟ್ಟುಗಳು ಕಾಣುತ್ತವೆ ಎಂದ. ಯಾರೂ ಮುಟ್ಟಬಾರದೆಂದು ಮೇಲೊಂದು ಪಂಚೆ ಹೊದಿಸಿದ. ಯಾಕೆ ಮುಟ್ಟಬಾರದೆಂದು ಅವ್ವನಿಗೆ ಬಿಡಿಸಿ ಹೇಳಲಿಲ್ಲ. ಇಂಥ ಜಾಣರಿಗೆ ಎಲ್ಲರಿಗೂ ಎಲ್ಲವೂ ಗೊತ್ತಿದೆ ಎಂದೇ ಭ್ರಮೆ.

ಆಪರೇಷನ್ ಆಯಿತು. ಅವ್ವ ಕತ್ತಿನಲ್ಲಿ ತೂತು ಇಟ್ಟುಕೊಂಡು ಮನೆಗೆ ಬಂದಳು. ಉಸಿರು ಅಲ್ಲಿಂದಲೇ. ಗಾಯ ಮಾಗಿದ ಮೇಲೆ ಯಂತ್ರದ ಮುಂದೆ ಕೂರಿಸೋಣವೆಂದು ಸಂಮೇದ ಕಾಯುತ್ತಿದ್ದ. ಅಷ್ಟರಲ್ಲಿ ದಸರೆಯ ಖಂಡೇ ಪೂಜೆ, ಅಂದರೆ ಆಯುಧಪೂಜೆ, ಬಂತು.

ನಮ್ಮದು ಸಿತಾರು ಮಾಡುವವರ ಓಣಿ. ಖಂಡೇ ಪೂಜೆಯ ದಿನ ಇಲ್ಲಿ ಯಾರೂ ವಾದ್ಯ ನುಡಿಸುವುದಿಲ್ಲ. ಒರೆಸಿ, ಬಿರಟೆ ತಿರುವಿ ತಂತಿಗಳನ್ನೆಲ್ಲ ಸಡಿಲು ಮಾಡುತ್ತಾರೆ. ವರ್ಷವೆಲ್ಲ ಬಿಗಿದುಕೊಂಡು ದುಡಿದ ಜೀವಕ್ಕೆ ಅದೊಂದು ದಿನ ವಿಶ್ರಾಂತಿ. ಆಮೇಲೆ ಅರಿಸಿನ, ಕುಂಕುಮ, ಚೆಂಡುಹೂವು. ಮದುವೆಯಾಗಿ ತವರೂರು ಬೇಡಗದಿಂದ ಈ ಓಣಿಗೆ ಬಂದಾಗಿನಿಂದ ಅವ್ವ ಅದನ್ನೇ ನೋಡಿದವಳು.

ನಾನು ಹೂವು ತರಲು ಹೋಗಿದ್ದೆ, ಸಂಮೇದ ಸ್ನಾನಕ್ಕೆ ಹೋಗಿದ್ದ. ನಾನು ಬರುವಷ್ಟರಲ್ಲಿ ಪಂಚೆ ಮಡಿಚಿಟ್ಟಿತ್ತು. ಯಂತ್ರ ಲಕಲಕ ಹೊಳೆಯುತ್ತಿತ್ತು. ಅವ್ವ ಕೊನೆಯ ತಿರುಗುಣಿಯನ್ನು ಎಡಕ್ಕೆ ಪೂರ್ತಿ ತಿರುವಿ ಅದಕ್ಕೆ ಕುಂಕುಮ ಇಡುತ್ತಿದ್ದಳು. ಹಿಂದೆಯೇ ಒದ್ದೆ ತಲೆಯಲ್ಲಿ ಬಂದ ಸಂಮೇದ ಅದನ್ನು ನೋಡಿ ನಿಂತುಬಿಟ್ಟ. ಬಿರಟೆ ಸಡಿಲು ಮಾಡಿದ್ದೇನೆ, ಪಾಪ ಮಲಗಲಿ ಎಂದು ಅವ್ವ ಕೈಸನ್ನೆ ಮಾಡಿದಳು. ಅವಳ ಮುಖದಲ್ಲಿ ಎಷ್ಟು ಖುಷಿಯಿತ್ತೆಂದರೆ ನನಗೆ ನೋಡಲಾಗಲಿಲ್ಲ.

"ಡಾಕ್ಟರು ಬರೇ ಗಂಟಲಾ ತಗದಿದ್ರು. ದನಿ ನೀನ ಕೊಂದಿ" ಎಂದು ಸಂಮೇದ ಓಣಿಗೆಲ್ಲ ಕೇಳುವಂತೆ ಕೂಗಿದ.

ಅವ್ವ ಬಾಯಿ ತೆರೆದಳು. ಕತ್ತಿನ ತೂತಿನಿಂದ ಸುಯ್ಯೆಂದು ಗಾಳಿ ಬಂತು, ಅಷ್ಟೇ. ಅವನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು ನನಗೆ. ಹೂವಿನ ಬುಟ್ಟಿ ಕೈಯಲ್ಲಿತ್ತು, ಹಾಗೆಯೇ ನಿಂತೆ.

ಮಾರನೆಯ ದಿನದಿಂದ ಅವನು ಮತ್ತೆ ಶುರು ಮಾಡಿದ. ದೀಪಾವಳಿ ಹತ್ತಿರ ಬರುತ್ತಿತ್ತು. ಫೋನಿನಲ್ಲಿದ್ದ ಅವಳ ಮಾತುಗಳೆಲ್ಲ ತಗಡು ಬಡಿದಂತೆ ಕೇಳುತ್ತಿದ್ದವು, ಅವುಗಳಿಂದ ಉಪಯೋಗವಾಗಲಿಲ್ಲ. ಇದು ಹೌದು, ಇದು ಅಲ್ಲ ಎಂದು ಹೇಳಬಲ್ಲವಳು ಅವ್ವ ಒಬ್ಬಳೇ. ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ತಿರುಗಿಸಿ, ಕೀಲಿ ಒತ್ತಿ, ಅವಳ ಕಡೆ ನೋಡಿದ. ಅವ್ವ ಹೌದೆಂದು ತಲೆಯಾಡಿಸಿದಳು. ಬಂದದ್ದು ಬರೀ ಗರಗರ. ಸೋಸಿ ಮತ್ತೆ ಒತ್ತಿದ. ಅದಕ್ಕೂ ಹೌದು. ಗಂಡಸಿನ ದನಿ ಬಂತು, ಅದಕ್ಕೂ ಹೌದು. ಸರಿಯಾಗಿ ಕೇಳು ಎಂದು ನಯವಾಗಿಯೇ ಹೇಳಿದ. ಅವಳು ಇನ್ನೂ ಬೇಗ ತಲೆಯಾಡಿಸತೊಡಗಿದಳು. ಹೀಗೇ ದಿನಗಳು ಹೋದವು.

ಧನತ್ರಯೋದಶಿಯ ಮಧ್ಯಾಹ್ನವೂ ಅವನು ಹಾಗೆಯೇ ತಿರುಗಿಸುತ್ತಿದ್ದಾಗ ಕರೆಂಟು ಹೋಯಿತು. ಬಗ್ಗಿ ಕುಳಿತಿದ್ದವನಿಗೆ ಅದು ಗೊತ್ತಾಗಲಿಲ್ಲ. ಕೀಲಿ ಒತ್ತಿ ಅವ್ವನ ಕಡೆ ನೋಡಿದ. ಯಂತ್ರದಿಂದ ಯಾವ ಸದ್ದೂ ಬರಲಿಲ್ಲ. ಅವ್ವ ಹೌದು, ಹೌದು ಎಂದು ತಲೆಯಾಡಿಸಿದಳು.

ಅವಳು ಇಷ್ಟು ದಿನವೂ ದನಿ ಕೇಳುತ್ತಿರಲಿಲ್ಲ. ಮಗನ ಮುಖ ನೋಡುತ್ತಿದ್ದಳು, ಮತ್ತೆ ಯಾವಾಗ ಕೂಗುತ್ತಾನೋ ಎಂದು.

ಸಂಮೇದನಿಗೂ ಅದು ಆಗಲೇ ತಿಳಿಯಿತು. ಕೀಲಿಯ ಮೇಲಿಂದ ಬೆರಳು ತೆಗೆದ. ಕುಳಿತಲ್ಲಿಂದಲೇ ಸರಿದು ಅವಳ ಪಾದ ಹಿಡಿದುಕೊಂಡ.

"ತಪ್ಪಾತು ಅವ್ವಾ. ನಾ ಹಂಗ ಅನಬಾರದಿತ್ತು. ನನ್ನ ಮ್ಯಾಲೆ ಸಿಟ್ಟಿಲ್ಲಲ್ಲ?"

ಅವ್ವ ಅವನ ಮುಖವನ್ನೇ ನೋಡುತ್ತ, ಅದಕ್ಕೂ ಹಾಗೆಯೇ ತಲೆಯಾಡಿಸಿದಳು.